ಹೊಳೆದಂಡೆಯ ಚರಗ

ಕಾಕುವಿನ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಬಲಗಿವಿಯ ಬೆಂಡೋಲೆ ಇದ್ದಲ್ಲೇ ಇದ್ದರೆ, ಎಡಗಿವಿಯದು ಮೇಲಿನ ಅಂಚಿನಲ್ಲಿ ಹೊಸದಾಗಿ ಚುಚ್ಚಿಸಿಕೊಂಡ ತೂತಿಗೆ ಏರಿ ಕೂತಿತ್ತು. ಹಾಗಾಗಿ ಎದುರಿನಿಂದ ನೋಡಿದವರಿಗೆ ಆಕೆ ಯಾವಾಗಲೂ ತಲೆ ಓರೆ ಮಾಡಿ ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ ಕಾಣುತ್ತಿತ್ತು. ಹರಿದದ್ದು ಹೇಗೆ ಎಂದು ಕೇಳಿದರೆ, "ಅಡವ್ಯಾಗ ಬಿದರಮುಳ್ಳು ಹಿಡಕೊಂತು. ಬಿಡಸ್ಕೋತ ನಿಂದ್ರಾಕ ನನಗ ಪುರುಸೊತ್ತಿದ್ದಿಲ್ಲ" ಎನ್ನುತ್ತಿದ್ದಳು. ಅಷ್ಟು ಅವಸರ ಏನಿತ್ತು ಎಂದರೆ ಹೊಳೆಯ ಕಡೆ ಕೈ ತೋರಿಸುತ್ತಿದ್ದಳು.

ದಾಂಡೇಲಿಯ ಕಾಗದದ ಮಿಲ್ಲಿನ ಹಿಂದಿನ ಕೆಲಸಗಾರರ ಲೈನಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನೂ ಇರಲಿಲ್ಲ. ಧಾರವಾಡ, ಬೆಳಗಾವಿ ಕಡೆಯಿಂದ ಹೊಟ್ಟೆಪಾಡಿಗೆ ಬಂದವರೇ ತುಂಬಿದ್ದ ಆ ಲೈನಿನಲ್ಲಿ ಗಂಡಸರೆಲ್ಲ ಕಾಕಾ, ಹೆಂಗಸರೆಲ್ಲ ಕಾಕು. ಆದರೂ ಬರೀ ಕಾಕು ಎಂದರೆ ಈಕೆಯೇ. ಉಳಿದವರನ್ನು ಗುರುತಿಸಲು ಇಂಥವರ ತಾಯಿ, ಇಂಥ ಮೂಲೆಮನೆಯವರು ಎಂದು ಬಾಲ ಹಚ್ಚಬೇಕಿತ್ತು. ಬಾಯಿ ಜೋರು. ನಳದ ಮುಂದೆ ಆಕೆಯ ಕೊಡ ಕಂಡರೆ ಸಾಲು ತಾನಾಗಿ ನೆಟ್ಟಗಾಗುತ್ತಿತ್ತು. ಮಿಲ್ಲಿನ ಬಿದಿರಿನ ರಾಶಿಯಲ್ಲಿ ಕೆಲಸ ಮಾಡುತ್ತಿದ್ದ ಕಾಕಾ ಇದಕ್ಕೆ ತದ್ವಿರುದ್ಧ. ಇಡೀ ದಿನಕ್ಕೆ ಆತ ಆಡುತ್ತಿದ್ದ ಮಾತು ಒಂದು ಚಹಾ ಬಸಿಯಲ್ಲಿ ಹಿಡಿಯುವಷ್ಟು. "ನಿಮ್ಮ ಕಾಕಾಗ ಮಾತಾಡಾಕ ಮಿಲ್ಲಿನವರು ಇನ್ನೂ ಪರ್ಮಿಶನ್ ಕೊಟ್ಟಿಲ್ಲವ್ವ" ಎಂದು ಆತನ ಎದುರಿಗೇ ನಗುತ್ತಿದ್ದಳು. ಆತನೂ ನಗುತ್ತಿದ್ದ.

ಇಂಥ ಬಾಯಿಬಡಕಿ ಒಂದೇ ಒಂದು ವಿಷಯ ಬಂದರೆ ದನಿ ತಗ್ಗಿಸುತ್ತಿದ್ದಳು. ಅದು ತವರಿನದು. ಆಕೆಯ ತವರೂರು ಮಲಪ್ರಭೆಯ ದಂಡೆಯಲ್ಲಿತ್ತು. ಆಕೆ ಮದುವೆಯಾಗಿ ದಾಂಡೇಲಿಗೆ ಬಂದ ಸ್ವಲ್ಪ ಕಾಲಕ್ಕೆ ಅಣೆಕಟ್ಟಿನ ಹಿನ್ನೀರು ಬಂದು ಊರು ಮುಳುಗಿತು. ಅಣ್ಣತಮ್ಮಂದಿರು ಪರಿಹಾರ ತೆಗೆದುಕೊಂಡು ದಿಕ್ಕಿಗೊಬ್ಬರಾದರು. ಪಂಚಮಿಗೆ ಕರೆಯಲು ಬರುವವರು ಕಡಿಮೆಯಾಗಿ, ಕೊನೆಗೆ ಯಾರೂ ಬರಲಿಲ್ಲ. ಲೈನಿನ ಹೆಂಗಸರೆಲ್ಲ ಹಬ್ಬಕ್ಕೆ ಚೀಲ ತುಂಬಿಕೊಂಡು ಬಸ್ಸು ಹತ್ತುವಾಗ ಕಾಕು ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಉಂಡಿ ಕಟ್ಟಿ ಕೊಡುತ್ತಿದ್ದಳು. ನಮಗೆ ಆಗ ಅದು ಔದಾರ್ಯದಂತೆ ಕಾಣುತ್ತಿತ್ತು.

ಚರಗ ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ ಇಷ್ಟು: ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಎಡೆಯ ಅನ್ನ, ಕಡಬು, ಪಲ್ಯ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತ ಸುತ್ತುವುದು. ಮುಂದಿನವರು ಹುಲ್ಲುಲ್ಲಿಗೋ ಎಂದು ಕೂಗುತ್ತ ಚೆಲ್ಲಿದರೆ ಹಿಂದಿನವರು ನೀರು ಚಿಮುಕಿಸುತ್ತ ದನಿಗೂಡಿಸುತ್ತಾರೆ. ಇದಕ್ಕೆ ಹೊಲ ಬೇಕು. ಮಿಲ್ಲಿನ ಲೈನಿನವರಿಗೆ ಎಲ್ಲಿಯ ಹೊಲ? ಮನೆಯ ಮುಂದೆ ತುಳಸಿ ನೆಡಲೂ ಪಕ್ಕದವರ ಜೊತೆ ಜಗಳವಾಡಬೇಕಿತ್ತು. ಆದ್ದರಿಂದ ಕಾಕು ತನಗೊಂದು ಹೊಲವನ್ನು ಹುಡುಕಿಕೊಂಡಿದ್ದಳು. ಅದು ಕಾಳಿಹೊಳೆಯ ದಂಡೆಯ ಮರಳು.

ಎಳ್ಳಮಾವಾಸ್ಯೆಗೆ ಆ ಮರಳಿನ ಮೇಲೆ ಇನ್ನೂ ನೀರಿರುತ್ತಿತ್ತು. ಬೇಸಿಗೆಗೆ ಬಯಲಾಗುತ್ತಿತ್ತು. ಅದಕ್ಕೇ ಆಕೆ ಹಬ್ಬವನ್ನೇ ಮುಂದೆ ದೂಡಿದ್ದಳು: "ಹೊಲ ಇದ್ದೋರು ಎಳ್ಳಮಾಸಿಗೆ ಚೆಲ್ಲಲಿ. ನಾವು ಉಗಾದಿ ಅಮಾಸಿಗೆ ಚೆಲ್ಲೂಣು. ಭೂಮಿತಾಯಿ ಏನು ಕ್ಯಾಲೆಂಡರ್ ನೋಡ್ತಾಳೇನು?"

ಯುಗಾದಿ ಅಮಾವಾಸ್ಯೆಯ ಬೆಳಿಗ್ಗೆ ಲೈನಿನ ಹೆಂಗಸರು ಮಕ್ಕಳನ್ನೆಲ್ಲ ಕಟ್ಟಿಕೊಂಡು ಕಾಕುವಿನ ಹಿಂದೆ ಹೊರಡುತ್ತಿದ್ದರು. ತಲೆಯ ಮೇಲೆ ಬುತ್ತಿಯ ಬುಟ್ಟಿ: ಸಜ್ಜಿರೊಟ್ಟಿ, ಶೇಂಗಾಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನ. ವಾಸನೆ ಹಿಡಿದು ಲೈನಿನ ನಾಯಿಗಳೂ ಹಿಂದೆ. ಮೊದಲು ಸಾಲಾಗಿ ನೆಟ್ಟ ಸಾಗವಾನಿ. ಎಲೆ ಉದುರಿ ಕಾಲಡಿ ಹಪ್ಪಳದಂತೆ ಮುರಿಯುತ್ತಿತ್ತು. ಆಮೇಲೆ ನಿಜವಾದ ಕಾಡು. ಮತ್ತಿ, ಹೊನ್ನೆ, ದಾರಿಗೆ ಬಾಗಿದ ಬಿದಿರು, ಮೇಲೆ ಎಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು. ಅಲ್ಲಿಯವರೆಗೆ ಹಾಡು, ಚಾಡಿ, ಬೈಗುಳ ಎಲ್ಲಕ್ಕೂ ಪರವಾನಗಿ. ದಾರಿ ಇಳಿಜಾರಾಗಿ ಹೊಳೆಯ ಸದ್ದು ಕೇಳಿಸಿತೆಂದರೆ ಕಾಕು ನಿಲ್ಲುತ್ತಿದ್ದಳು. ಎರಡೂ ಕೈಯ ಬಳೆಗಳನ್ನು ಮೊಣಕೈವರೆಗೆ ಏರಿಸಿ ಬಿಗಿ ಮಾಡಿಕೊಳ್ಳುತ್ತಿದ್ದಳು. ಉಳಿದ ಹೆಂಗಸರೂ ಹಾಗೇ ಮಾಡಬೇಕು. ಅಷ್ಟು ಜನ ಹೆಂಗಸರು ಒಮ್ಮೆಲೇ ಸುಮ್ಮನಾಗಿದ್ದನ್ನು ನಾನು ಜೀವನದಲ್ಲಿ ಬೇರೆಲ್ಲೂ ನೋಡಿಲ್ಲ.

ಪೊದೆ ಸರಿಸಿದರೆ ಮರಳು, ಮರಳಿನ ಮೇಲೆ ಹಕ್ಕಿಗಳು.

ಬೂದು ಬಿಳಿ ಮೈ, ಹಳದಿ ಕೊಕ್ಕು, ಕೆಂಪು ಕಾಲು, ಕಣ್ಣಿನವರೆಗೆ ಎಳೆದುಕೊಂಡ ಕರಿ ಟೊಪ್ಪಿಗೆ. ಪುಸ್ತಕದವರು ಇದನ್ನು ಹೊಳೆರೀವ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ನಮಗೆ ಅದು ಟೊಪಗಿಹಕ್ಕಿ. ಗೂಡು ಗೀಡು ಏನಿಲ್ಲ. ಬರೀ ಮರಳಿನಲ್ಲಿ ಒಂದು ಕುಳಿ, ಅದರಲ್ಲಿ ಮರಳಿನದೇ ಬಣ್ಣದ ತತ್ತಿ. ಬಿಸಿಲು ಏರಿದಾಗ ತಾಯಿಹಕ್ಕಿ ಹೊಳೆಗೆ ಹಾರಿ, ನೀರಿಗೆ ಹೊಟ್ಟೆ ತಾಗಿಸಿ ತೋಯಿಸಿಕೊಂಡು ಬಂದು ತತ್ತಿಯ ಮೇಲೆ ಕೂರುತ್ತಿತ್ತು. ಇದನ್ನು ಕಾಕುವೇ ನನಗೆ ತೋರಿಸಿದ್ದು. "ನೋಡಲೇ ಖೋಡಿ, ಒದ್ದಿ ಅರಿವಿ ಹಾಕಿದಂಗ ತಂಪು ಮಾಡಾಕತ್ತೈತಿ. ಹಡದಾಕಿಗೆ ಯಾರು ಕಲಸ್ತಾರ ಹೇಳು."

ಮಲಪ್ರಭೆಯ ದಂಡೆಯಲ್ಲಿ, ಆಕೆಯ ಅಪ್ಪ ಸೌತೆ ಹಾಕುತ್ತಿದ್ದ ಮರಳಿನಲ್ಲಿ, ಇವೇ ಹಕ್ಕಿಗಳು ತತ್ತಿ ಇಡುತ್ತಿದ್ದವಂತೆ. ಊರು ಮುಳುಗಿದಾಗ ಆ ಮರಳೂ ಮುಳುಗಿತು. ಒಂದು ಬೇಸಿಗೆಯಲ್ಲಿ ಕಟ್ಟಿಗೆ ಆರಿಸಲು ಹೋದಾಗ ಕಾಳಿಯ ದಂಡೆಯಲ್ಲಿ ಇವನ್ನು ಕಂಡಳು. ಅಂದೇ ಕಿವಿ ಹರಿದದ್ದು. "ಯಾರೂ ಬರಲಿಲ್ಲವ್ವ ನನ್ನ ಕರ್ಯಾಕ. ಇವು ಬಂದಿದ್ವು" ಎಂದು ಒಮ್ಮೆ ನನ್ನ ಅವ್ವನ ಮುಂದೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಅವೇ ಹಕ್ಕಿಗಳೋ ಬೇರೆಯವೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಪೆಟ್ಟು ಬೀಳುತ್ತಿತ್ತು.

ಅಲ್ಲಿಗೆ ಹೋದ ಮೇಲೆ ತನ್ನ ಕೋಲನ್ನು ಮರಳಿನ ಮೇಲೆ ಅಡ್ಡ ಇಟ್ಟು, "ಇದನ್ನು ದಾಟಿದೋರ ಕಾಲು ಮುರೀತೇನಿ" ಎಂದು ಎಚ್ಚರಿಸುತ್ತಿದ್ದಳು. ಕೋಲಿನ ಈಚೆ ನಿಂತು ಚರಗ ಚೆಲ್ಲಬೇಕು. ಆಕೆಯ ತೋಳಿನ ಬಲ ಎಂಥದ್ದೆಂದರೆ ಹಿಡಿಹಿಡಿ ಅನ್ನ ಹಕ್ಕಿಗಳ ಹತ್ತಿರದವರೆಗೆ ಹೋಗಿ ಬೀಳುತ್ತಿತ್ತು. ಅವು ಮೀನು ಬಿಟ್ಟು ಬೇರೇನೂ ತಿನ್ನುವುದಿಲ್ಲ ಕಾಕು, ಎಂದು ಶಾಲೆಯಲ್ಲಿ ಕಲಿತ ಬುದ್ಧಿ ತೋರಿಸಿದ್ದಕ್ಕೆ ನನಗೆ ಸಿಕ್ಕ ಉತ್ತರ ಇದು: "ತವರಿನವರು ಬಂದಾಗ ನೀವೇನ ತಿಂತೀರಿ ಅಂತ ಕೇಳೂದಿಲ್ಲ. ಎಡಿ ಹಾಕೂದು ನಮ್ಮ ಕೆಲಸ. ತಿನ್ನೂದು ಬಿಡೂದು ಅವರ ಕೆಲಸ."

ಅವು ತಿನ್ನುತ್ತಿರಲಿಲ್ಲ. ನಾವು ಬುತ್ತಿ ಮುಗಿಸಿ, ಪಾತ್ರೆ ತೊಳೆದು, ದಾರಿ ಹತ್ತುವ ಹೊತ್ತಿಗೆ ಕಾಗೆಗಳು ಇಳಿಯುತ್ತಿದ್ದವು. ನಾಯಿಗಳು ನಮ್ಮ ಜೊತೆ ವಾಪಸು ಬರದೆ ಹಿಂದೆಯೇ ಉಳಿಯುತ್ತಿದ್ದವು. ನೋಡಿದ್ದೆವು, ಎಲ್ಲರೂ ನೋಡಿದ್ದೆವು. ಚರಗ ಸಾರ್ಥಕವಾಯಿತು ಎಂದು ಹೆಂಗಸರು ಕೈ ಮುಗಿಯುತ್ತಿದ್ದರು.

ನಾನು ಓದಿ, ಮದುವೆಯಾಗಿ, ಹಳಿಯಾಳದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದೆ. ಕಾಕಾ ತೀರಿಕೊಂಡ. ಕಾಕುವಿನ ಒಬ್ಬಳೇ ಮಗಳನ್ನು ತೇರಗಾಂವಕ್ಕೆ ಕೊಟ್ಟಿದ್ದರು. ಹೊಲಮನೆ ಇದ್ದ ಜನ. ನಮ್ಮ ಹೊಲದಲ್ಲೇ ಚರಗ ಚೆಲ್ಲು ಬಾ ಎಂದು ಮಗಳು ಕರೆದರೆ, "ಅದು ನಿನ್ನ ಹೊಲ. ನನ್ನ ಹೊಲ ಇಲ್ಲೈತಿ" ಎಂದು ಕಾಕು ದಾಂಡೇಲಿಯಲ್ಲೇ, ಲೈನಿನ ಪಕ್ಕ ಒಂದು ಕೋಣೆ ಹಿಡಿದು ಉಳಿದಳು. ನಾನು ಪ್ರತಿ ಯುಗಾದಿ ಅಮಾವಾಸ್ಯೆಗೆ ರಜೆ ಹಾಕಿ ಹೋಗುತ್ತಿದ್ದೆ. ಗಂಡನ ಮನೆಯವರಿಗೆ ಇದು ಯಾವ ದೇವರ ಹರಕೆಯೋ ತಿಳಿಯುತ್ತಿರಲಿಲ್ಲ.

ಹಕ್ಕಿಗಳು ಕಡಿಮೆಯಾಗುತ್ತ ಬಂದವು. ಮೊದಲೆಲ್ಲ ಮರಳಿಗೆ ಹಾಲು ಚೆಲ್ಲಿದಂತೆ ಕಾಣುತ್ತಿದ್ದದ್ದು, ಆಮೇಲೆ ಅಲ್ಲೊಂದು ಇಲ್ಲೊಂದು. ಆಚೆ ದಂಡೆಯಲ್ಲಿ ರೆಸಾರ್ಟುಗಳು ಎದ್ದವು. ರಬ್ಬರ್ ದೋಣಿಗಳಲ್ಲಿ ಕಿರುಚುತ್ತ ಬರುವವರು ಮರಳಿನ ಮೇಲಿಳಿದು ಫೋಟೋ ತೆಗೆಸಿಕೊಳ್ಳತೊಡಗಿದರು. ಕಾಕು ಅವರನ್ನು ಕಲ್ಲು ಹಿಡಿದು ಓಡಿಸಿದ್ದೂ ಉಂಟು. "ಇವರ ಬಾಯಾಗ ಮಣ್ಣು ಹಾಕ, ಇವರಿಂದನ ಎಲ್ಲಾ ಆಗಿದ್ದು" ಎನ್ನುತ್ತಿದ್ದಳು. ನಾವೂ ತಲೆದೂಗುತ್ತಿದ್ದೆವು. ಬೈಯಲು ಯಾರಾದರೂ ಸಿಕ್ಕರೆ ಮನಸ್ಸಿಗೆ ಸಮಾಧಾನ.

ಆಗ ಆ ಭಾಗಕ್ಕೆ ಅರಣ್ಯದ ವಾಚರ್ ಒಬ್ಬ ಬಂದ. ಜೋಯಿಡಾ ಕಡೆಯವನು, ಕುಂಬಾರವಾಡದ ಹತ್ತಿರದ ಹಳ್ಳಿ, ಮನೆಮಾತು ಕೊಂಕಣಿ. ಒಂದು ವರ್ಷ ನಾವು ಬುತ್ತಿ ಇಳಿಸುವ ಹೊತ್ತಿಗೆ ಬಂದು ದೂರದಲ್ಲಿ ನಿಂತುಕೊಂಡ. ಕಾಕು ಕರೆದು ಹೋಳಿಗೆ ಕೊಟ್ಟಳು. ತಿಂದು, ಕೈ ಒರೆಸಿಕೊಂಡು ಹತ್ತಿರ ಬಂದ.

"ಮಾವಶೀ, ಒಂದ್ ಮಾತು ಹೇಳ್ತೆ. ಸಿಟ್ಟು ಮಾಡಬೇಡಿ."

"ಹೇಳಪಾ."

"ನೀವು ಅನ್ನ ಚೆಲ್ತೀರಲ್ಲ, ಅದಕ್ಕೆ ಕಾಗೆ ಬರ್ತವೆ. ಅನ್ನ ತಿಂದಾದ್ಮೇಲೆ ಅಲ್ಲೇ ತತ್ತಿ ಕಾಣ್ತದೆ, ಅದನ್ನೂ ತಿಂತವೆ. ನಾಯಿಗಳೂ ಹಂಗೇ. ನೀವು ಹೋದ್ಮೇಲೆ ಎರಡು ದಿನ ಇಲ್ಲೇ ಇರ್ತವೆ. ನಾನು ಓಡ್ಸಿದ್ರೂ ಹೋಗೋದಿಲ್ಲ."

ಕಾಕು ಎದ್ದು ನಿಂತಳು. "ನನ್ನ ಕೈಯಾನ ಅನ್ನ ನಂಜಂತೀಯೇನೋ? ನೀ ಹುಟ್ಟೂಕಿಂತ ಮೊದಲಿಂದ ಚೆಲ್ಲಾಕತ್ತೇನಿ. ಆ ದೋಣ್ಯಾಗಿನವರಿಗೆ ಹೇಳಾಕ ಬಾಯಿಲ್ಲ, ಮುದುಕಿಗೆ ಹೇಳಾಕ ಬಂದಾನ!"

"ಅವರಿಗೂ ಹೇಳ್ತೆ, ಮಾವಶೀ. ಅವರು ಕೇಳೋದಿಲ್ಲ."

ಅವನಿಗೆ ಬೈದು ಕಳಿಸಿದಳು. ಅಂದಿನ ಚರಗ ಎಂದಿಗಿಂತ ಜೋರಾಗಿಯೇ ನಡೆಯಿತು.

ಅದಾಗಿ ಕೆಲವು ತಿಂಗಳಿಗೆ ಕಣ್ಣು ತೋರಿಸಲೆಂದು ಹಳಿಯಾಳಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿದಿದ್ದಳು. ಟಿವಿಯಲ್ಲಿ ಯಾವುದೋ ದೂರದೇಶದ ದ್ವೀಪ. ಸಮುದ್ರದ ಪಕ್ಕದ ಕಾಡಿನೊಳಗೆ ಒಂದು ಕಾಲುದಾರಿ. ಜನ ಒಬ್ಬರ ಹಿಂದೊಬ್ಬರು ಮಾತಿಲ್ಲದೆ ನಡೆದು ದಂಡೆಗೆ ಇಳಿಯುತ್ತಿದ್ದರು. ಅಲೆಗಳಿಂದ ಪೆಂಗ್ವಿನ್‌ಗಳು ಎದ್ದು ಬಂದವು. ಈಗ ಬಹಳ ವಿರಳವಂತೆ ಆ ಜಾತಿ.

"ಅವ್ಯಾವಲೇ? ಕೋಟು ಹಾಕ್ಕೊಂಡು ಬ್ಯಾಂಕಿನ ಸಾಹೇಬರು ನಡದಂಗ ನಡೀತಾವು" ಎಂದು ಕಾಕು ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಆ ಮಂದಿ ಯಾಕ ಹಲಗಿ ಹಿಂದ ಅಡಕೊಂಡು ಕುಂತಾರ?"

"ಹಕ್ಕಿ ಹೆದರತಾವಂತರಿ ಕಾಕು."

"ಕೈಯಾಗ ಬುತ್ತಿ ಇಲ್ಲ?"

"ಇಲ್ಲರಿ. ಏನೂ ಹಾಕಬಾರದಂತ. ಹತ್ತಿರನೂ ಹೋಗಬಾರದಂತ."

"ಅಷ್ಟು ದೂರ ನಡದು ಬರೇ ನೋಡಾಕ ಬರ್ತಾರ?"

"ಬರೇ ನೋಡಾಕ."

ಕಾರ್ಯಕ್ರಮ ಮುಗಿದು ಜಾಹೀರಾತು ಬಂದರೂ ಟಿವಿಯನ್ನೇ ನೋಡುತ್ತಿದ್ದಳು. ನಾನು ಚಹಾ ತಂದಿಟ್ಟೆ. ಆರಿಹೋಯಿತು.

"ಹಂಗಾರ ಆ ವಾಚರ ಸುಳ್ಳು ಹೇಳಿದ್ದಿಲ್ಲ" ಎಂದಳು ಕೊನೆಗೆ. "ನಾನ ತಿನ್ನಿಸೇನಿ. ನನ್ನ ತವರಿನ ತತ್ತಿ ಕಾಗಿಗೆ ಕರದು ಕರದು ತಿನ್ನಿಸೇನಿ."

ನಾನು ಏನೇನೋ ಹೇಳಿದೆ. ರೆಸಾರ್ಟು, ದೋಣಿ, ಬಿಸಿಲು, ಕಾಲ ಕೆಟ್ಟಿದೆ ಎಂದೆ. ಸುಳ್ಳೇನಲ್ಲ, ಅವೂ ಕಾರಣಗಳೇ. ಆದರೆ ಆಕೆಗೆ ಬೇಕಿದ್ದದ್ದು ಕಾರಣಗಳಲ್ಲ. ಆ ಮರಳಿನಿಂದ ಒಂದು ಮರಿ ಹಾರಿದ್ದನ್ನು ತಾನು ಕಣ್ಣಾರೆ ನೋಡಬೇಕು. ನೋಡಿದರೆ ಮಾತ್ರ ತಾನು ತವರನ್ನು ಪೂರ್ತಿ ಹಾಳು ಮಾಡಿಲ್ಲವೆಂದು ನಂಬಿಕೆ. "ಒಂದು ಹಾರಲೆವ್ವ. ಒಂದ ಒಂದು. ಆಮ್ಯಾಲೆ ನಾ ಎಲ್ಲಿ ಬಿದ್ದರೂ ಆತು" ಎಂದಳು. ಅಂದಿನಿಂದ ಆಕೆಯ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಮರುವರ್ಷ ಚರಗ ಇಲ್ಲ ಎಂದು ಲೈನಿನಲ್ಲಿ ಸಾರಿಬಿಟ್ಟಳು. ಹೆಂಗಸರು ಮುನಿಸಿಕೊಂಡರು. ಭೂಮಿತಾಯಿಗೆ ತಪ್ಪಿಸಬಾರದು ಎಂದರು, ವಯಸ್ಸಾಗಿ ತಲೆ ಕೆಟ್ಟಿದೆ ಎಂದರು. ಕಾಕು ಅಂದು ಬೆಳಿಗ್ಗೆ ನಾಯಿಗಳಿಗೆಲ್ಲ ಹಿತ್ತಿಲಲ್ಲಿ ರೊಟ್ಟಿ ಹಾಕಿ, ಅವು ತಿನ್ನುತ್ತಿದ್ದಾಗ ಕದ ಎಳೆದುಕೊಂಡು ನನ್ನ ಜೊತೆ ಹೊರಟಳು. ಕೈಯಲ್ಲಿ ಒಂದು ನೀರಿನ ಬಾಟಲಿ ಬಿಟ್ಟರೆ ಏನೂ ಇಲ್ಲ. ಬುಟ್ಟಿ ಹೊತ್ತು ರೂಢಿಯಾದ ತಲೆ. ದಾರಿಯುದ್ದಕ್ಕೂ ಆಕೆಯ ಕೈ ಆಗಾಗ ಮೇಲೆ ಹೋಗಿ, ಏನೂ ಸಿಗದೆ ಕೆಳಗಿಳಿಯುತ್ತಿತ್ತು.

ದಂಡೆಯಲ್ಲಿ ವಾಚರ್ ಇದ್ದ. ಅವನನ್ನು ಕಂಡು ಕಾಕು ಕ್ಷಮೆ ಗಿಮೆ ಕೇಳಲಿಲ್ಲ. "ಎಲ್ಲಿ ಕುಂಡ್ರಬೇಕು ಹೇಳಪಾ" ಎಂದಳು. ಅವನು ಒಂದು ಲಕ್ಕಿಗಿಡದ ಹಿಂದೆ ಜಾಗ ತೋರಿಸಿದ.

ಒಂದು ಜೋಡಿ ಇತ್ತು. ಒಂದೇ ಜೋಡಿ. ಹೆಣ್ಣು ಕುಳಿಯಲ್ಲಿ ಕೂತಿತ್ತು, ಗಂಡು ಮೀನು ತಂದು ಕೊಡುತ್ತಿತ್ತು. ಬಿಸಿಲೇರಿದಾಗ ಹೆಣ್ಣು ಎದ್ದು ಹೊಳೆಗೆ ಹೋಗಿ ಹೊಟ್ಟೆ ತೋಯಿಸಿಕೊಂಡು ಬಂತು. ಕಾಗೆ ಒಂದೂ ಇರಲಿಲ್ಲ. ಕಾಕು ನನ್ನ ಮೊಣಕೈ ಹಿಡಿದು ಹಿಂಡಿದಳು. ಆಕೆಯ ಮುಖದಲ್ಲಿ ಅಂಥ ಆಸೆಯನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಳೆಯ ಸದ್ದು ಬದಲಾಯಿತು. ಮೇಲೆ ಎಲ್ಲೋ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಕರೆಂಟು ಬೇಕಾದಾಗ ಬಿಡುತ್ತಾರೆ, ಬೇಡವಾದಾಗ ನಿಲ್ಲಿಸುತ್ತಾರೆ. ಹೊಳೆಗೆ ಈಗ ಮಳೆ ಬಿಸಿಲಿನ ಲೆಕ್ಕವಿಲ್ಲ. ನೀರು ರಭಸದಿಂದೇನೂ ಬರಲಿಲ್ಲ. ಮರಳಿನ ಅಂಚು ಸ್ವಲ್ಪ ಒದ್ದೆಯಾಯಿತು, ಇನ್ನೂ ಸ್ವಲ್ಪ ಒದ್ದೆಯಾಯಿತು. ಗಂಡುಹಕ್ಕಿ ಮೇಲೆದ್ದು ಕೂಗತೊಡಗಿತು. ಹೆಣ್ಣು ಮಾತ್ರ ಕೂತೇ ಇತ್ತು.

ಕಾಕು ಎದ್ದಳು. ವಾಚರ್ ಆಕೆಯ ಸೆರಗು ಹಿಡಿದ. "ಬ್ಯಾಡ ಮಾವಶೀ, ಕಾಲಡಿ ಮರಳು ಜಾರ್ತದೆ, ನಿಮ್ಮನ್ನೂ ತಗೊಂಡು ಹೋಗ್ತದೆ. ನಾನೂ ಹೋಗಿ ನೋಡಿದವನೇ."

ಆಕೆ ಜಗ್ಗಾಡಲಿಲ್ಲ. ಕೂತಳು. ನೀರು ಕುಳಿಯವರೆಗೆ ಬಂದು, ಹಕ್ಕಿಯ ಎದೆಯವರೆಗೆ ಏರಿ, ಕೊನೆಗೆ ಅದು ಎದ್ದಿತು. ಎದ್ದ ಮೇಲೂ ಅಲ್ಲೇ, ನೀರಿಗೆ ಕಾಲು ತಾಗುವಷ್ಟು ತಗ್ಗಿನಲ್ಲಿ ಸುತ್ತು ಹೊಡೆಯಿತು. ಸಂಜೆಗೆ ನೀರು ಇಳಿಯಬಹುದೆಂದು ವಾಚರ್ ಹೇಳಿದ. ಇಳಿದರೇನು.

"ಹಿಂಗ ಬಂದಿತ್ತು" ಎಂದಳು ಕಾಕು. "ಕಡೀ ಪಂಚಮಿಗೆ ಹೋಗಿದ್ದೆ ತವರಿಗೆ. ಜೋಕಾಲಿ ಕಟ್ಟಿದ್ವಿ. ನೀರು ಹಿಂಗನ ಸಾವಕಾಶ ಬಂತು. ಅಂಗಳಕ್ಕ ಬಂತು, ಕಟ್ಟಿಗೆ ಬಂತು. ನಮ್ಮವ್ವ ಒಲಿ ಮುಂದ ಕುಂತಾಕಿ ಏಳಲಿಲ್ಲ. ಅಣ್ಣಗೋಳು ಎತ್ತಿಕೊಂಡು ಹೊರಗ ತಂದ್ರು." ಬಾಟಲಿ ಎತ್ತಿಕೊಳ್ಳುತ್ತ, "ಚರಗ ಚೆಲ್ಲಿದರೂ ಇಷ್ಟ, ಬಿಟ್ಟರೂ ಇಷ್ಟ" ಎಂದಳು.

ಅದಾದ ಮೇಲೆ ಆ ಮರಳಿಗೆ ಹಕ್ಕಿ ಬರಲಿಲ್ಲ. ಅತ್ತಿವೇರಿಯ ಕೆರೆಯಲ್ಲಿ ಬೇರೆ ಬೇರೆ ಹಕ್ಕಿಗಳು ಬರುತ್ತವೆಂದು ಒಮ್ಮೆ ಆಕೆಯನ್ನು ಮುಂಡಗೋಡಿನ ಕಡೆ ಕರೆದುಕೊಂಡು ಹೋದೆ. ಕೊಕ್ಕರೆ, ನೀರುಕಾಗೆ ಎಲ್ಲ ಇದ್ದವು. ಸುಮ್ಮನೆ ಬಂದು ಸುಮ್ಮನೆ ನೋಡಿದಳು. "ಚಲೋ ಅದಾವು. ಬ್ಯಾರೇದವರ ಬೀಗರು ಇದ್ದಂಗ" ಎಂದಳು. ಯುಗಾದಿ ಅಮಾವಾಸ್ಯೆಗೆ ಮಾತ್ರ ತಪ್ಪದೆ ದಂಡೆಗೆ ಹೋಗುತ್ತಿದ್ದಳು. ಬರಿಗೈಯಲ್ಲಿ ಲಕ್ಕಿಗಿಡದ ಹಿಂದೆ ಕೂತು, ಬಿಸಿಲು ಇಳಿದ ಮೇಲೆ ಎದ್ದು ಬರುತ್ತಿದ್ದಳು. ಜೊತೆಗೆ ಹೋದರೆ ಬೇಡ ಅನ್ನಲಿಲ್ಲ, ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳಲೂ ಇಲ್ಲ. ಬಾಯಿ ಜೋರಿನ ಕಾಕು ಎಲ್ಲಿ ಹೋದಳೋ. ಲೈನಿನ ಹೆಂಗಸರು ಪಾಪ, ಆಕೆಯ ಬೈಗುಳ ಕೇಳಲೆಂದೇ ನಳದ ಸಾಲು ಮುರಿಯುತ್ತಿದ್ದರು.

ಕಾಡಿನಲ್ಲಿ ಹೇಗೆ ಹೆಜ್ಜೆ ಇಡಬೇಕು, ಎಲ್ಲಿ ನಿಲ್ಲಬೇಕು, ಒಂದು ಜೀವವನ್ನು ಎಷ್ಟು ಹೊತ್ತು ಕಣ್ಣು ಕೀಳದೆ ನೋಡಬೇಕು ಎಂಬುದನ್ನು ನನಗೆ ಕಲಿಸಿದ್ದು ಆಕೆಯೇ. ಇವತ್ತು ನಾನು ಒಂದು ಹಕ್ಕಿಯ ಹೆಸರು ಹಿಡಿದು ಪುಸ್ತಕ ಹುಡುಕುತ್ತೇನೆಂದರೆ ಅದು ಆಕೆ ಕೊಟ್ಟ ಗೀಳು. ಈ ಋಣ ತೀರಿಸಲು ಇದ್ದದ್ದು ಒಂದೇ ದಾರಿ; ಆ ಮರಳಿನ ಮೇಲೆ ಒಂದು ಮರಿಯನ್ನು ತೋರಿಸುವುದು. ಅದು ನನ್ನ ಕೈಯಲ್ಲಿರಲಿಲ್ಲ, ಯಾರ ಕೈಯಲ್ಲೂ ಇರಲಿಲ್ಲ.

ಹೋದ ವರ್ಷ ಹಾಸಿಗೆ ಹಿಡಿದಾಗ ಮಗಳು ತೇರಗಾಂವಕ್ಕೆ ಕರೆದುಕೊಂಡು ಹೋದಳು. ನಾನು ನೋಡಲು ಹೋದಾಗ ಮಾತು ತೊದಲುತ್ತಿತ್ತು. "ಬಂದಾವೇನು?" ಎಂದಷ್ಟೇ ಕೇಳಿದಳು. ಮಗಳು ನೆಂಟರ ವಿಷಯ ಎಂದುಕೊಂಡು, "ಎಲ್ಲಾರೂ ಬರ್ತಾರವ್ವಾ, ನೀ ಮಲಗು" ಎಂದಳು. ಕಾಕು ನನ್ನ ಕಡೆ ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಆಕೆಗೆ ಯಾರೂ ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ.

ಮಗಳ ಹೊಲದ ಅಂಚಿನಲ್ಲೇ ಮಣ್ಣು ಮಾಡಿದರು. ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಟ್ಟು, ಎಲೆಯ ಮೇಲೆ ಎಡೆ ಇಟ್ಟು, ಎಲ್ಲರೂ ದೂರ ಸರಿದು ನಿಂತೆವು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ನಂಬಿಕೆ. ಆಗ ಬಂಧುಗಳು ಒಬ್ಬೊಬ್ಬರಾಗಿ ಮುಂದೆ ಹೋಗಿ, ನಿನ್ನ ಆಸೆ ನಾವು ಪೂರೈಸುತ್ತೇವೆ ಎಂದು ಮಾತು ಕೊಡಬೇಕು. ನಾನು ಆ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಏನೆಂದು ಕೊಡುವುದು ಎಂದು ಗೊತ್ತಾಗುತ್ತಿರಲಿಲ್ಲ.

ಮಾತು ಕೊಡುವ ಪ್ರಸಂಗವೇ ಬರಲಿಲ್ಲ. ನಾವು ಹಿಂದೆ ತಿರುಗುವಷ್ಟರಲ್ಲಿ ಕಾಗೆಗಳು ಇಳಿದವು. ಒಂದಲ್ಲ, ಹಿಂಡು. ಕಡಬು, ಅನ್ನ, ಹೋಳಿಗೆ ಎಲ್ಲ ಎಳೆದಾಡಿ ತಿನ್ನತೊಡಗಿದವು. ನೆರೆದವರ ಮುಖ ಹಗುರಾಯಿತು. "ನೋಡ್ರಿ, ಇಡೂದ ತಡ ಮುಟ್ಟಿದ್ವು. ನಮ್ಮವ್ವಗ ಏನೂ ಆಸೆ ಉಳದಿದ್ದಿಲ್ಲ" ಎಂದು ಮಗಳು ಕಣ್ಣೊರೆಸಿಕೊಂಡಳು. ಎಲ್ಲರೂ ಕೈಕಾಲು ತೊಳೆಯಲು ಬಾವಿಯ ಕಡೆ ನಡೆದರು. ನಾನು ಅಲ್ಲೇ ನಿಂತು ಒಂದು ಹೆಂಟೆ ಎತ್ತಿಕೊಂಡೆ, ಕಾಗೆಗಳ ಕಡೆ ಎಸೆದೆ, ಅವು ಒಂದಿಷ್ಟು ಹಾರಿ ಮತ್ತೆ ಬಂದು ಕೂತವು.